ಎಲೆ, ಒಲೆ, ಮನೆ

ನಮ್ಮ ಮನೆಯಲ್ಲಿ 'ಮನೆ' ಎಂದರೆ ಒಂದು ಕಡೆ ಕೊಳೆತದ್ದು. ಪೂರ್ತಿ ಕೊಳೆತದ್ದು ಹಿತ್ತಿಲಾಚೆಯ ಎಮ್ಮೆಗೆ ಹೋಗುತ್ತಿತ್ತು, ಅದರ ಪಾಲಿಗೆ ನಾವು ಯಾವತ್ತೂ ಕೈ ಹಾಕಿದವರಲ್ಲ. ಹುಳ ಒಂದೇ ಬಾಗಿಲು ಕೊರೆದು ಒಳಗೆ ಕೂತಿರುವ ಬದನೆಕಾಯಿ, ಮೂಟೆಯ ತಳದಲ್ಲಿ ಸಿಕ್ಕಿ ಒಂದು ಕೆನ್ನೆ ಜಜ್ಜಿಹೋದ ಟೊಮೊಟೊ, ಬಿಸಿಲಿಗೆ ಬಾಡಿ ಬಿಲ್ಲಿನಂತಾದ ಸೌತೆಕಾಯಿ, ಇವೆಲ್ಲ 'ಮನೆ'. ಶಾಲೆಯಲ್ಲಿ ಬೇರೆ ಮಕ್ಕಳು ಸ್ಲೇಟಿನ ಮೇಲೆ ಮನೆ ಅಂತ ಬರೆದು ಪಕ್ಕದಲ್ಲಿ ಹೆಂಚು, ಕಿಟಕಿ, ಸೂರ್ಯ ಬಿಡಿಸುತ್ತಿದ್ದರೆ ನನ್ನ ಮೂಗಿಗೆ ಸಣ್ಣಗೆ ಹುಳಿ ವಾಸನೆ ಬಡಿಯುತ್ತಿತ್ತು. ಐವತ್ತು ದಾಟಿದ ಈ ವಯಸ್ಸಿನಲ್ಲೂ ಯಾರಾದರೂ ಗೃಹಪ್ರವೇಶಕ್ಕೆ ಕರೆದರೆ, ಹೋದವಳು ಮೊದಲು ಗೋಡೆ ಮುಟ್ಟಿ ನೋಡುತ್ತೇನೆ, ಎಲ್ಲಾದರೂ ಮೆತ್ತಗಾಗಿದೆಯೇನೋ ಅಂತ.

ಅಪ್ಪ ಹೋಟೆಲುಗಳಿಗೆ ತರಕಾರಿ ಹಾಕುತ್ತಿದ್ದ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ಓಣಿಯಲ್ಲಿ ನಮ್ಮ ವಾಸ. ತಗ್ಗು ಬಾಗಿಲು ದಾಟಿದರೆ ನಡುಮನೆ, ಅದರ ಹಿಂದೆ ಅಡುಗೆಮನೆ, ಮುಗಿಯಿತು. ನಡುಮನೆಯೂ ನಮ್ಮದಲ್ಲ, ತರಕಾರಿಯದು. ಅರಕೆರೆ ನಾಲೆ ಬಯಲಿನ ಬದನೆ, ಪಾಂಡವಪುರ ಸಂತೆಯ ಸೌತೆ, ಬಿಂಡಿಗನವಿಲೆ ಕಡೆಯ ಅವರೆ, ಕುಂಬಳ, ಎಲ್ಲವೂ ಜಬ್ಬಾರಣ್ಣನ ಟೆಂಪೋದಲ್ಲಿ ಬಂದು ಗೋಣಿತಾಟಿನ ಮೇಲೆ ಬೀಳುತ್ತಿದ್ದವು. ನಾನೂ ನನ್ನ ತಮ್ಮ ರವಿಯೂ ಗೋಡೆಗೆ ಒತ್ತರಿಸಿಕೊಂಡು ಮುಖ ತೊಳೆಯಲು ಹೋಗುತ್ತಿದ್ದೆವು. ಅಪ್ಪ ಕುಕ್ಕರಗಾಲಲ್ಲಿ ಕೂತು ಕೈಯಾಡಿಸಿದರೆ ಒಂದು ರಾಶಿ ಮೂರಾಗುತ್ತಿತ್ತು. ಇಡಿಯಾಗಿ, ಮುಖ ತೋರಿಸಿಕೊಂಡು ಗಿರಾಕಿಯ ಬಾಳೆಲೆಯವರೆಗೂ ಹೋಗುವಂಥದ್ದು 'ಎಲೆ': ಎಣ್ಣೆಗಾಯಿಗೆ ಗುಂಡು ಬದನೆ, ಹೋಳು ಮಾಡಿಡಲು ನೆಟ್ಟಗಿನ ಸೌತೆ. ಸಾಂಬಾರಿನಲ್ಲಿ ಕರಗಿ ಗುರುತು ಕಳೆದುಕೊಳ್ಳುವಂಥದ್ದು 'ಒಲೆ'. ಅದು ಸೊಟ್ಟಗಿದ್ದರೂ ಗಟ್ಟಿಯಿರಬೇಕು. ಮೂರನೆಯದು ಎರಡಕ್ಕೂ ಸಲ್ಲದೆ ನಮ್ಮ ಪಾಲಿಗೆ ಬರುವಂಥದ್ದು, 'ಮನೆ'. ಇವು ಯಾವ ಮಂಡಿಯ ಮಾತೂ ಅಲ್ಲ, ಅಪ್ಪನೇ ಕಟ್ಟಿಕೊಂಡವು. ಎಲೆ, ಒಲೆ ಎರಡನ್ನೂ ಹೆದ್ದಾರಿಯ ಹೋಟೆಲಿನವರೆಲ್ಲ ಕಲಿತುಬಿಟ್ಟಿದ್ದರು. ಮೂರನೆಯದನ್ನು ಕಲಿಯುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

ಹೊಸದಾಗಿ ಹೋಟೆಲು ತೆರೆದವರು ನಮ್ಮ ನಡುಮನೆಗೆ ಬಂದು, ಕೂರಲು ಜಾಗವಿಲ್ಲದೆ, ಕುಂಬಳಕಾಯಿಯ ಪಕ್ಕ ನಿಂತು ಪಾಠ ಹೇಳಿಸಿಕೊಳ್ಳುತ್ತಿದ್ದರು. ಕೊಳ್ಳುವವರಿಗೆ ಮಾತು ಬರದಿದ್ದರೆ ಮಾರುವವನಿಗೆ ಹಬ್ಬ ಎನ್ನುವುದು ಅಪ್ಪನ ನಂಬಿಕೆ, ತಾನೇ ಮಾರುವವನಾದರೂ.

"ಒಳ್ಳೇದು ಕೊಡು ಅಂತ ಯಾವತ್ತೂ ಕೇಳ್ಬ್ಯಾಡಿ ಸಾ. ಒಳ್ಳೇದು ಅಂತ ಒಂದ್ ಮಾಲೇ ಇಲ್ಲ. ಯಾತುಕ್ಕೆ ಅಂತ ಯೋಳಿ. ಇವತ್ತಿನ ಸಾರಿಗೆ ಅಂದ್ರೆ ಹಣ್ಣು ಟೊಮೊಟೊ. ನಾಳಿದ್ದಿನ್ ಗಂಟ ಇರ್ಬೇಕು ಅಂದ್ರೆ ಬಣ್ಣ ತಿರುಗಿರಾದು. ಮೂಟೆ ಬಾಯ್ ನೋಡಿ ಮರುಳಾಗ್ಬ್ಯಾಡಿ, ಬಾಯಲ್ಲಿ ಎಲ್ಲಾರೂ ಚೆಂದಾಗೇ ಇರ್ತಾರೆ. ತಳಕ್ಕೆ ಕೈ ಆಕಿ."

ಎಳೆಯದು ಎಂಬ ಒಂದೇ ಮಾತಿನ ಮೇಲೆ ಅವನು ಬಹಳ ಹೊತ್ತು ಮಾತಾಡಬಲ್ಲವನಾಗಿದ್ದ. ಅರಕೆರೆಯವರು ನಾಲೆ ನೀರು ಕುಡಿಸಿ ಎಳೇದು ಅಂತ ಕೊಡುವ ಸೌತೆಕಾಯಿ, ಮಳೆ ನಂಬಿದ ಬಿಂಡಿಗನವಿಲೆಯಲ್ಲಿ ಬೀಜಕ್ಕೆ ಬಿಟ್ಟ ಕಾಯಷ್ಟು ದಪ್ಪವಿರುತ್ತಿತ್ತು. ಯಾವ ಊರಿನ ಬಾಯಲ್ಲಿ ಯಾವ ಮಾತಿಗೆ ಏನರ್ಥ ಅಂತ ತಿಳಿಯದೆ ಗಾಡಿ ತುಂಬಿಸಬೇಡಿ ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ. ಈ ಮಾತು ತನ್ನ ಮನೆಯ ಬಾಯಿಗೂ ಅನ್ವಯಿಸುತ್ತದೆ ಅಂತ ಅವನಿಗೆ ಹೊಳೆದಿರಲಿಲ್ಲ.

ಅವ್ವ ಈಳಿಗೆಮಣೆಯ ಮೇಲೆ ಕೂತರೆ ಹುಳ ಹೊಕ್ಕ ಬದನೆಕಾಯಿಯನ್ನು ಹುಳಕ್ಕೇ ಗೊತ್ತಾಗದಂತೆ ಬಿಡಿಸುತ್ತಿದ್ದಳು. ಅವಳ ಕೈಯಲ್ಲಿ ಮುಕ್ಕಾಲು ಪಾಲು ಉಳಿಯುತ್ತಿತ್ತು. ಹಾಗಾಗಿ ನಮ್ಮ ತಟ್ಟೆಗೆ ಬಂದ ತರಕಾರಿಗೆ ಆಕಾರ ಅಂತ ಇರಲಿಲ್ಲ. ಬದನೆಕಾಯಿ ಬೇಯುವಾಗ ತಾನಾಗೇ ಚೂರಾಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ರುಚಿಗೇನೂ ಕೊರತೆಯಿರಲಿಲ್ಲ, ಆದರೂ ಊಟಕ್ಕೆ ಕೂತಾಗ ನಮ್ಮ ಮನೆಯಲ್ಲಿ ಎಲ್ಲರೂ ಏನೋ ತಪ್ಪು ಮಾಡಿದವರಂತಿರುತ್ತಿದ್ದೆವು. ಅಪ್ಪ ಓರೆಗಣ್ಣಲ್ಲಿ ನಮ್ಮ ತಟ್ಟೆ ನೋಡಿ, ಮುದ್ದೆಯನ್ನು ನಾಲ್ಕು ತುತ್ತಿಗೆ ನುಂಗಿ ಎದ್ದುಬಿಡುತ್ತಿದ್ದ. ಅವ್ವ ಬಡಿಸುವಾಗ ಕೈ ಅಡ್ಡ ಹಿಡಿದು ಬಡಿಸುತ್ತಿದ್ದಳು. ಅವರಿಬ್ಬರಿಗೂ ಬೇಜಾರಾಗದಿರಲಿ ಅಂತ ನಾನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದೆ, ಆಮೇಲೆ ಅವ್ವನಿಗೆ ಉಳಿಯಿತೋ ಇಲ್ಲವೋ ಅಂತ ರಾತ್ರಿಯೆಲ್ಲ ಹೊರಳುತ್ತಿದ್ದೆ. ಬೇರೆಯವರ ಮನೆಯಲ್ಲಿ ಮಕ್ಕಳಿಗೆ ಗದ್ದೆ ಬರುತ್ತದೆ, ಒಡವೆ ಬರುತ್ತದೆ. ನನಗೆ ಬಂದದ್ದು ಈ ಹೊರಳಾಟ, ತಮ್ಮನಿಗೆ ಒಂದಿಷ್ಟೂ ಪಾಲು ಕೊಡದೆ ಪೂರ್ತಿ ನಾನೇ ಇಟ್ಟುಕೊಂಡಿದ್ದೇನೆ.

ಅಪ್ಪನ ಗಿರಾಕಿಗಳಲ್ಲಿ ದೊಡ್ಡವರು ಹೆದ್ದಾರಿ ಹೋಟೆಲಿನ ಗೌಡರು. ಹೋಟೆಲು ನಮ್ಮೂರ ಅಂಚಿನಲ್ಲಿ, ಮನೆ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ, ಹೇಮಾವತಿ ದಂಡೆಯ ಮೇಲೆ. ಅವರ ಹೋಟೆಲು ಕೈಬಿಟ್ಟರೆ ನಮ್ಮ ನಡುಮನೆ ಖಾಲಿಯಾಗುತ್ತದೆ, ನಡುಮನೆ ಖಾಲಿಯಾದರೆ ಅಡುಗೆಮನೆಯೂ ಖಾಲಿ, ಇದು ರವಿಗೂ ಗೊತ್ತಿದ್ದ ಲೆಕ್ಕ. ಆ ಗೌಡರು ಒಂದು ದಿನ ಜಬ್ಬಾರಣ್ಣನ ಬಾಯಲ್ಲಿ ಹೇಳಿಕಳಿಸಿದರು. ಅವನು ಟೆಂಪೋ ನಿಲ್ಲಿಸಿ ಬಾಗಿಲಲ್ಲೇ ನಿಂತು ಒಪ್ಪಿಸಿದ:

"ಕೆಂಪಣ್ಣ, ಗೌಡ್ರ ಮಗಳಿಗೆ ವೀಳ್ಯಶಾಸ್ತ್ರ ಅಂತೆ, ಸುಕ್ರವಾರ. ಹಿಂದಿನ್ ದಿನವೇ ಅಕ್ಕಿಹೆಬ್ಬಾಳಿಗೆ ಮಾಲು ಬೇಕಂತೆ. ಮನೆ ಮಾಲು."

"ಮನೆ ಮಾಲಾ? ಸುಭ ಕಾರ್ಯುಕ್ಕೆ? ಸರಿಯಾಗ್ ಕೇಳುಸ್ಕಂಡ್ಯಾ ಜಬ್ಬಾರ?"

"ಅರೆ ಅಲ್ಲಾ, ಎರಡು ಸಲ ಯೋಳವ್ರೆ ಅಣ್ಣ. 'ಎಲೆ ಬ್ಯಾಡ, ಒಲೆ ಬ್ಯಾಡ, ಮನೆ ಮಾಲೇ ಕಳ್ಸು ಅನ್ನು, ಕೆಂಪಂಗೆ ಗೊತ್ತಾಯ್ತದೆ' ಅಂದ್ರು. ನಂಗೇನ್ ಗೊತ್ತು, ನಾನು ಗಾಡಿ ಓಡ್ಸೋನು."

ಅಪ್ಪ ತಲೆ ಕೆರೆದುಕೊಂಡ. ಶ್ರೀಮಂತರ ಬುದ್ಧಿ ಬೇರೆ ಇರುತ್ತದೆ, ಕೈ ಬಿಗಿ ಹಿಡಿಯದಿದ್ದರೆ ಅವರು ಶ್ರೀಮಂತರಾಗುತ್ತಲೇ ಇರಲಿಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಅವ್ವನ ಮುಖ ನೋಡಬೇಕಿತ್ತು. ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡವಳು ಸೆರಗಲ್ಲಿ ಕೈ ಒರೆಸುತ್ತ ಹೊರಗೆ ಬಂದಳು.

"ಗೌಡ್ರ ಮನೇಲೂ ಇಂಗೇ ಉಣ್ತಾರಾ?"

ಅವಳು ಕೇಳಿದ್ದು ಅಷ್ಟೇ. ಆಮೇಲೆ ಅವಳು ನಡೆದಾಡುವ ರೀತಿಯೇ ಬದಲಾಯಿತು. ಅಕ್ಕಿಹೆಬ್ಬಾಳಿನ ದೊಡ್ಡ ತೊಟ್ಟಿಮನೆಯ ಒಡತಿಯೂ ಈಳಿಗೆಮಣೆಯ ಮೇಲೆ ಕೂತು ಹುಳ ಬಿಡಿಸುತ್ತಾಳೆ ಎನ್ನುವ ಸುದ್ದಿ ಅವಳ ಮೈಮೇಲಿಂದ ಒಂದು ಮೂಟೆಯನ್ನೇ ಇಳಿಸಿದಂತಿತ್ತು. ಮದುವೆ ಮನೆಗೆ ಹೋಗುವ ಮಾಲು ಅಂತ ಅವಳು ಒಂದೊಂದೇ ಕಾಯನ್ನು ಸೆರಗಿನಿಂದ ಒರೆಸಿದಳು. ಮನೆ ಮಾಲಿನಲ್ಲೇ ಹೆಚ್ಚು ಕೆಟ್ಟದ್ದನ್ನು ತೆಗೆದು, ಒಂದೇ ತೂತಿನವನ್ನು ಆರಿಸಿ, ತೂತು ಕೆಳಗೆ ಬರುವಂತೆ ಜೋಡಿಸಿದಳು. ದೊಡ್ಡ ಊಟಕ್ಕೆ ಸಾಲಬೇಕಲ್ಲ, ನಮ್ಮ ಪಾಲನ್ನೂ ಮುಟ್ಟದೆ ಕೂಡಿಟ್ಟಳು. ಅಷ್ಟು ದಿನ ನಮಗೆ ಹುರುಳಿ ಸಾರು. ನನಗೂ ಹೆಮ್ಮೆಯೇ. ಸೌತೆಕಾಯಿಗಳನ್ನು ಸೊಟ್ಟಗಿರುವುದು ಕಾಣದಂತೆ ಒಂದರ ಮಡಿಲಲ್ಲೊಂದು ಕೂರಿಸಿದವಳು ನಾನು.

ಜಬ್ಬಾರಣ್ಣ ಮೂಟೆಗಳನ್ನು ಹೇರಿಕೊಂಡು ಅಕ್ಕಿಹೆಬ್ಬಾಳಿನ ದಾರಿ ಹಿಡಿದ. ಆ ಬೆಳಿಗ್ಗೆ ಅವ್ವ ಅಡುಗೆಮನೆಯಲ್ಲಿ ಬರಿಗೈಲಿ ನಿಂತಳು. ಮನೆ ಮಾಲೆಲ್ಲ ಗೌಡರ ಮನೆಗೆ ಹೋಗಿತ್ತು, ಹುರುಳಿಯೂ ಮುಗಿದಿತ್ತು.

"ಈಗ ಏನ್ ಬೇಯುಸ್ಲಿ? ಒಂದ್ ಕಾಯೂ ಉಳೀನಿಲ್ಲ."

ಅಪ್ಪ ನಡುಮನೆಯ ರಾಶಿಯನ್ನೊಮ್ಮೆ ನೋಡಿದ. ಅವನು ಅಂದು ಬಹಳ ಉದಾರಿಯಾಗಿದ್ದ.

"ಎಲೆ ಮಾಲಲ್ಲಿ ನಾಕು ಎತ್ಕೊ."

"ಎಲೇದ್ರಲ್ಲಾ?"

"ಎತ್ಕೊ ಕಣಮ್ಮಿ. ಒಂದಿನ."

ಅವ್ವ ನಾಲ್ಕಕ್ಕೆ ನಿಲ್ಲಲಿಲ್ಲ. ಎತ್ತಿಕೊಳ್ಳುವುದು ಒಮ್ಮೆ ಶುರುವಾದ ಮೇಲೆ ಸೆರಗು ತುಂಬಿತು. ತೊಟ್ಟು ಬಿಡದೆ ಸೀಳಿ, ಕಡಲೆಬೀಜ, ಕೊಬ್ಬರಿ ಹುರಿದು ಅರೆದು ತುಂಬಿ, ಎಣ್ಣೆಗಾಯಿ ಮಾಡಿದಳು. ಮಧ್ಯಾಹ್ನ ಅಪ್ಪ, ರವಿ, ನಾನು ಸಾಲಾಗಿ ಕೂತೆವು. ತಟ್ಟೆಯಲ್ಲಿ ಮುದ್ದೆ, ಪಕ್ಕದಲ್ಲಿ ಇಡೀ ಬದನೆಕಾಯಿ. ಬೆಂದಿದೆ, ಆದರೂ ಬದನೆಕಾಯಿಯಂತೆಯೇ ಇದೆ! ತೊಟ್ಟು ಹಿಡಿದು ಎತ್ತಿದರೆ ಎತ್ತಿಸಿಕೊಳ್ಳುತ್ತದೆ. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅವ್ವ ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅಂದು ಅವಳು ಕೈ ಅಡ್ಡ ಹಿಡಿಯದೆ ಬಡಿಸಿದ್ದಳು.

ಅಷ್ಟರಲ್ಲಿ ಓಣಿಯಲ್ಲಿ ಜೀಪು ನಿಂತಿತು. ಗೌಡರು ತಗ್ಗು ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದರು. ಅವರ ಡ್ರೈವರು ಹಿಂದೆಯೇ ಬಂದು ಒಂದು ಮೂಟೆಯನ್ನು ದೊಪ್ಪೆಂದು ಇಳಿಸಿ ಬಾಯಿ ಬಿಚ್ಚಿದ. ಅವ್ವ ಒರೆಸಿಟ್ಟ ಬದನೆಕಾಯಿಗಳು ತೂತು ಮೇಲೆ ಮಾಡಿಕೊಂಡು ಉರುಳಿಬಂದವು. ಒಂದೊಂದರ ಮುಖಪರಿಚಯವೂ ನನಗಿತ್ತು.

"ಏನ್ಲಾ ಕೆಂಪ ಇದು?"

ಅಪ್ಪ ಮುದ್ದೆ ಹಿಡಿದ ಕೈಯಲ್ಲೇ ಎದ್ದು ನಿಂತ.

"ನೀವೇ ಯೋಳ್ಕಳ್ಸಿದ್ರಲ್ಲ ಸ್ವಾಮಿ, ಮನೆ ಮಾಲು ಅಂತವ..."

"ಊಂ ಕಣ್ಲಾ, ಯೋಳ್ದೆ. ನಾನ್ ಬಂದು ಬಾಗ್ಲಲ್ಲಿ ನಿಂತಾಗೆಲ್ಲ ರಾಶೀಲಿ 'ಇದು ಮನೆಗೆ, ಇದು ಮನೆಗೆ' ಅಂತ ಪಕ್ಕಕ್ಕೆ ಎತ್ತಿಡ್ತೀಯಲ್ಲ, ನಾನೇನ್ ಕಂಡಿಲ್ವಾ? ಮಾರೋನು ತನ್ ಮನೆಗೆ ಎತ್ತಿಕ್ಕೊಳೋದು ಎಂಥ ಮಾಲಾಗಿರ್ತದೆ! ಒಂದಿನ ಅದ್ನ ನನ್ ಮಗಳ ಸಾಸ್ತ್ರಕ್ಕೆ ಕೊಡ್ಲಿ ಅಂತ ಕೇಳ್ದೆ. ಬೀಗ್ರ ಎಂಗಸ್ರೆಲ್ಲ ಬಂದು ಕುಂತವ್ರೆ, ಅವ್ರ ಮುಂದೇ ಮೂಟೆ ಬಿಚ್ತೀವಿ, ಹುಳ! ಅಳಿಯನ ತಾಯಿ ಸೆರಗ ಬಾಯಿಗ್ ಇಟ್ಕಂಡು ಎದ್ದೋದ್ರು."

ಆಗ ಅವರ ಕಣ್ಣು ನಮ್ಮ ತಟ್ಟೆಗಳ ಮೇಲೆ ಬಿತ್ತು. ಮೂರು ತಟ್ಟೆ, ಮೂರರಲ್ಲೂ ಮಿರಮಿರ ಮಿಂಚುವ ಇಡೀ ಬದನೆಕಾಯಿ.

"ಓಹೋ. ನಮಗೆ ಹುಳ. ನಿಮಗೆ ಇದು."

ಅಪ್ಪನಿಗೆ ಹೇಳಲು ಒಂದೇ ಒಂದು ಮಾತಿತ್ತು. ಆ ಮಾತು ಹೇಳಿದರೆ ಮೋಸಗಾರ ಅಲ್ಲ ಅಂತ ಸಾಬೀತಾಗುತ್ತಿತ್ತು, ಗೌಡರ ಹೋಟೆಲು ಉಳಿಯುತ್ತಿತ್ತು. ಆದರೆ ಅದನ್ನು ನಮ್ಮಿಬ್ಬರ ಮುಂದೆ, ಆ ಮೂಟೆಯ ಮುಂದೆ, ಇನ್ನೊಬ್ಬ ಗಂಡಸಿಗೆ ಹೇಳಬೇಕಿತ್ತು. ಅವನು ಹೇಳಲಿಲ್ಲ. ಬೈಸಿಕೊಳ್ಳುತ್ತಾ ನಿಂತ. ಕೈಯಲ್ಲಿದ್ದ ಮುದ್ದೆ ಬೆರಳಿಗೆ ಅಂಟಿ ಒಣಗುತ್ತಿತ್ತು. ರವಿ ತಟ್ಟೆಯನ್ನು ದೂರ ತಳ್ಳಿ ಅಳಲು ಶುರುಮಾಡಿದ. ನಾನು? ನನ್ನ ಬಾಯಲ್ಲಿ ಬದನೆಕಾಯಿ ಇತ್ತು. ಉಗುಳಬೇಕು ಅನ್ನಿಸಿತು, ನಿಜ. ಆದರೆ ಅದು ಬೆಣ್ಣೆಯಂತೆ ಇತ್ತು, ಎಲ್ಲೂ ಕಹಿಯಿಲ್ಲ, ಎಲ್ಲೂ ನಾರಿಲ್ಲ, ನಾಲಿಗೆ ಹೆದರಿಕೆಯಿಲ್ಲದೆ ಎಲ್ಲ ಕಡೆಗೂ ಹೋಗಬಹುದಿತ್ತು. ಗೌಡರು ಅಪ್ಪನನ್ನು ಕಳ್ಳ ಅಂದಾಗ ನಾನು ನುಂಗಿದೆ. ಇನ್ನು ಮೇಲೆ ನಿನ್ನ ಮಾಲು ಬೇಡ ಅಂದಾಗ, ತಲೆ ಬಗ್ಗಿಸಿ, ಯಾರಿಗೂ ಕಾಣದಂತೆ, ತೊಟ್ಟಿನ ಹತ್ತಿರದ್ದನ್ನೂ ತಿಂದು ಮುಗಿಸಿದೆ.

ಅವ್ವ ಬಾಗಿಲಿನಿಂದ ಈಚೆಗೆ ಬಂದಳು. ಅವಳು ಹೊರಗಿನ ಗಂಡಸರ ಮುಂದೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಗೌಡ್ರೇ, ನಮ್ ಮನೆಗೆ ಎತ್ತಿಡೋ ಮಾಲ ಕೇಳುದ್ರಿ. ಅದ್ನೇ ಕೊಟ್ಟಿರಾದು."

"ಅಂಗಂದ್ರೆ ಏನವ್ವ?"

"ನಾವು ಉಣ್ಣಾದು ಅದೇಯ."

ಗೌಡರು ಮೂಟೆ ನೋಡಿದರು, ತಟ್ಟೆ ನೋಡಿದರು.

"ದಿನಾನಾ?"

"ಇವತ್ತೊಂದಿನ ಬುಟ್ಟು. ಇವತ್ತು ಅದೂ ನಿಮ್ಮನೆಗೆ ಬಂದ್ಬುಡ್ತಲ್ಲ."

ಗೌಡರು ಟವೆಲು ತೆಗೆದು ಕತ್ತು ಒರೆಸಿಕೊಂಡರು, ಮುಖ ಒರೆಸಿಕೊಂಡರು, ಮತ್ತೆ ಕತ್ತು ಒರೆಸಿಕೊಂಡರು. ಅವ್ವ ಒಳಗೆ ಹೋಗಿ ಎಣ್ಣೆಗಾಯಿಯ ಪಾತ್ರೆಯನ್ನು ಹಾಗೇ ಎತ್ತಿ, ಮೇಲೊಂದು ತಟ್ಟೆ ಮುಚ್ಚಿ, ತಂದು ಡ್ರೈವರಿನ ಕೈಗಿಟ್ಟಳು. "ಬೀಗ್ರಿಗೆ ಸಾಯಂಕಾಲದ್ ಊಟಕ್ಕೆ ಆಯ್ತದೆ. ಹುಳ ಇಲ್ಲ ಅನ್ನಿ" ಅಂದಳು. ಅಪ್ಪ ಕೈ ತೊಳೆದು, ಎಲೆ ರಾಶಿಯನ್ನೆಲ್ಲ ಮೂಟೆಗೆ ತುಂಬಿ, ತಾನೇ ಹೊತ್ತು ಜೀಪಿಗೆ ಹಾಕಿದ. ಗೌಡರು ಹೋಗುವಾಗ ಏನೋ ಹೇಳಲು ತಿರುಗಿದವರು ತಲೆ ಬಗ್ಗಿಸುವುದನ್ನು ಮರೆತು ಬಾಗಿಲಿಗೆ ಹಣೆ ಬಡಿಸಿಕೊಂಡರು.

ಜೀಪಿನ ಸದ್ದು ಅಡಗಿದ ಮೇಲೆ ಜಗಳ ಶುರುವಾಯಿತು. ನಮ್ಮ ಮನೆಯ ಜಗಳಗಳು ಕೂಗಾಟದವಲ್ಲ, ತರಕಾರಿ ಆರಿಸುತ್ತಾ ಆಡುವಂಥವು.

"ಮಾನ ಕಳ್ದೆ ಕಣಮ್ಮಿ."

"ಕಳ್ಳ ಅನ್ನುಸ್ಕಂಡಿದ್ರೆ ಮಾನ ಉಳೀತಿತ್ತಾ?"

"ಕಳ್ಳ ಅಂದ್ರೆ ನಾಕ್ ದಿನುಕ್ಕೆ ಮರೀತಾರೆ. ಎಂಡ್ರು ಮಕ್ಳಿಗೆ ಹುಳ ತಿನ್ನುಸ್ತಾನೆ ಅನ್ನಾದ ಮರೀತಾರಾ?"

ಅವ್ವನ ಕೈ ನಿಂತಿತು.

"ನೋಡಿ, ಹುಳ ತಿನ್ನುಸ್ದೆ ಅಂತ ಇನ್ನೊಂದ್ ಸಲ ಅನ್ಬ್ಯಾಡಿ. ಹುಳ ತಗ್ದು ತಿನ್ನುಸಿದೀನಿ."

ಗೌಡರ ಹೋಟೆಲು ಉಳಿಯಿತು. ವೀಳ್ಯಶಾಸ್ತ್ರವೂ ಸುಸೂತ್ರವಾಗಿ ಮುಗಿಯಿತು, ಎಣ್ಣೆಗಾಯಿ ಮಾಡಿದವರು ಯಾರು ಅಂತ ಅಳಿಯನ ತಾಯಿ ಕೇಳಿದರಂತೆ. ಆದರೆ ಅಪ್ಪ ಅಂದಿನಿಂದ ಮೂರನೇ ರಾಶಿಗೆ 'ಮನೆ' ಅನ್ನುವುದನ್ನು ಬಿಟ್ಟ. 'ಅದು' ಅನ್ನತೊಡಗಿದ. "ಎಲೆ, ಒಲೆ, ಅದು." ನಾವು ತಿನ್ನುತ್ತಿದ್ದುದು ಅದನ್ನೇ, ಹೆಸರಿಲ್ಲದೆ. ಇನ್ನೊಂದು ಹೊಸ ಸಂಕಟವೂ ಹುಟ್ಟಿಕೊಂಡಿತು. ಗೌಡರು ತಮ್ಮ ಹೋಟೆಲಿಗೆ ಬಂದ ಮಾಲಿನಲ್ಲಿ ನಾಲ್ಕು ನೆಟ್ಟಗಿನ ಸೌತೆಕಾಯಿ ತೆಗೆದು, ಮಕ್ಕಳಿಗೆ ಅಂತ ಜಬ್ಬಾರಣ್ಣನ ಕೈಲಿ ಹಿಂದಕ್ಕೆ ಕಳಿಸುತ್ತಿದ್ದರು. ಅಪ್ಪ ಅವನ್ನು ಮುಟ್ಟದೆ ಮರುದಿನದ ಲೋಡಿಗೆ ಸೇರಿಸುತ್ತಿದ್ದ. ಗೌಡರು ಮತ್ತೆ ಕಳಿಸುತ್ತಿದ್ದರು. "ಈ ಸೌತೇಕಾಯ್ಗಳಿಗೆ ಟಿಕೆಟ್ ಮಾಡ್ಸಿಕೊಡಿ ಭಾಯಿ, ದಿನಾ ಓಡಾಡ್ತವೆ" ಅಂತ ಜಬ್ಬಾರಣ್ಣ ಗೊಣಗುತ್ತಿದ್ದ. ಹೀಗೆ ಟೆಂಪೋದಲ್ಲಿ ಕುಲುಕಿ, ಬಿಸಿಲಲ್ಲಿ ಬಾಡಿ, ಒಂದು ದಿನ ಅವುಗಳ ಒಂದು ಕಡೆ ಮೆತ್ತಗಾಗುತ್ತಿತ್ತು. ಆಗ ಅಪ್ಪ ಅವನ್ನು ಸಮಾಧಾನದಿಂದ 'ಅದು' ರಾಶಿಗೆ ಹಾಕುತ್ತಿದ್ದ, ನಾವು ತಿನ್ನುತ್ತಿದ್ದೆವು.

ಅಪ್ಪ ಈಗಿಲ್ಲ. ಕೊನೆಯವರೆಗೂ ನಮ್ಮ ತಟ್ಟೆಯನ್ನು ಓರೆಗಣ್ಣಲ್ಲೇ ನೋಡಿದ. ತರಕಾರಿ ಹಾಕುವ ಕೆಲಸ ರವಿಗೆ ಬಂತು. ಹೆದ್ದಾರಿಯ ಹೊಸ ಹೋಟೆಲಿನ ಹುಡುಗರು ಅವನಿಗೆ ಮೊಬೈಲಿನಲ್ಲಿ ಎ ಗ್ರೇಡು, ಬಿ ಗ್ರೇಡು ಅಂತ ಕಳಿಸುತ್ತಾರೆ, ಅವನು "ಯಾತುಕ್ಕೆ ಅಂತ ಯೋಳಿ ಸಾ" ಅಂತ ಫೋನು ಮಾಡುತ್ತಾನೆ. ನಾನು ಪಾಂಡವಪುರದಲ್ಲಿ ಸಂಸಾರ ಹೂಡಿದವಳು. ಸಂತೆಗೆ ಹೋಗಿ ತಳಕ್ಕೆ ಕೈ ಹಾಕಿ, ಎಲೆ ಮಾಲನ್ನೇ ಆರಿಸಿ ತರುತ್ತೇನೆ. ತಂದು ಫ್ರಿಜ್ಜಿನಲ್ಲಿಡುತ್ತೇನೆ. ಇವತ್ತೇ ಮಾಡುವುದೇ, ಇಷ್ಟು ಚೆನ್ನಾಗಿದೆಯಲ್ಲ, ನಾಳೆ ಯಾರಾದರೂ ಬಂದರೆ? ಯಾರೂ ಬರುವುದಿಲ್ಲ. ಒಂದು ಕಡೆ ಕಪ್ಪಾಗುತ್ತದೆ. ಆಗ ಹಗುರಾಗಿ ಈಳಿಗೆಮಣೆ ಎಳೆದುಕೊಳ್ಳುತ್ತೇನೆ. ಒಳ್ಳೆಯದು ಮನೆಯಾಗುವವರೆಗೆ ಕಾಯುತ್ತೀಯ ನೀನು ಅಂತ ನನ್ನ ಗಂಡ ನಗುತ್ತಾರೆ.

ಮೊನ್ನೆ ಅವ್ವ ಬಂದಿದ್ದಳು. ಫ್ರಿಜ್ಜು ತೆಗೆದು, ಹೊಳೆಯುವ ಗುಂಡು ಬದನೆಗಳನ್ನು ಕಂಡು, "ಯಾಕಮ್ಮಿ ಇವ್ನ ಸಾಕ್ತಾ ಇದೀಯ? ಇವತ್ತೇ ಮಾಡು" ಅಂದಳು. ಮಾಡಿದೆ. ಗೌಡರು ಬಂದ ಆ ಮಧ್ಯಾಹ್ನ ಪಾತ್ರೆ ಹಾಗೇ ಜೀಪು ಹತ್ತಿತ್ತು, ಅವ್ವ ಬೆರಳು ಅದ್ದಿಯೂ ನೋಡಿರಲಿಲ್ಲ, ಇದು ನನಗೆ ಯಾವತ್ತೂ ಮರೆತಿಲ್ಲ. ಹಾಗಾಗಿ ಅವಳ ತಟ್ಟೆಗೆ ಮೊದಲು ಬಡಿಸಿ, ಎದುರಿಗೆ ಕೂತು, ತುತ್ತು ಬಾಯಿಗೆ ಹೋಗುವುದನ್ನೇ ಕಾದೆ. ಅವಳು ಕಾಯನ್ನು ಬಿಡಿಸಿ, ಒಳಗೆ ಕಣ್ಣಾಡಿಸಿ, "ಹುಳ ಇಲ್ಲ" ಅಂದಳು, ಕೊಂಚ ಬೇಸರದಲ್ಲೇ. ಒಂದು ತಿಂದಳು. ಎರಡನೆಯದನ್ನು ತೊಟ್ಟು ಹಿಡಿದೆತ್ತಿ ನನ್ನ ತಟ್ಟೆಗೆ ಹಾಕಿದಳು.

"ಅಯ್ಯೋ, ನ್ಯಾಯವಾಗಿ ನಿಂದು ಕಣವ್ವ ಅದು, ನೀನ್ ತಿನ್ನು."

"ತಗಾ ತಗಾ. ಗೌಡ್ರು ನಿಮ್ಮಪ್ಪನ್ನ ಅಷ್ಟು ಬೈತಿದ್ರೂ ಕೈ ಬುಡ್ನಿಲ್ವಲ್ಲ ನೀನು, ತಲೆ ತಗ್ಗುಸ್ಕಂಡು ಮುಕ್ತಾ ಇದ್ದೆ. ನಾನ್ ಕಾಣ್ನಿಲ್ವಾ?"

ಇಷ್ಟು ವರ್ಷ ಯಾರಿಗೂ ಕಾಣಲಿಲ್ಲ ಅಂದುಕೊಂಡಿದ್ದೆ.

"ಕಂಡೂ ಸುಮ್ಕಿದ್ದಾ?"

"ಇನ್ನೇನ್ ಮಾಡ್ಲಿ? ನೀನು ಮುಗ್ಸೋ ಗಂಟ ಕಾಯ್ತಾ ಇದ್ದೆ. ಮೊದ್ಲೇ ಬಾಯ್ ಬುಟ್ಟಿದ್ರೆ ಅದೂ ಪಾತ್ರೆ ಜೊತೇಲಿ ಓಗ್ಬುಡ್ತಿತ್ತು."

ಅಪ್ಪ ಬೈಸಿಕೊಳ್ಳುತ್ತಾ ನಿಂತದ್ದು ಅಷ್ಟು ಹೊತ್ತು. ಮುದ್ದೆ ಕೈಯಲ್ಲಿ ಒಣಗಿದ್ದು ಅಷ್ಟು ಹೊತ್ತು. ನಾನು ತೊಟ್ಟಿನ ಹತ್ತಿರದ್ದನ್ನೂ ಬಿಡದೆ ತಿನ್ನುತ್ತಿದ್ದಷ್ಟೂ ಹೊತ್ತು. ಅವ್ವ ಏನೂ ಆಗದವಳಂತೆ ಮುದ್ದೆ ಮುರಿಯುತ್ತಿದ್ದಳು. ತಟ್ಟೆಯಲ್ಲಿ ಬದನೆಕಾಯಿ ಇಡಿಯಾಗಿ ಕೂತಿತ್ತು.

"ತಿನ್ನಮ್ಮಿ, ಆರೋಯ್ತದೆ."

ತಿಂದೆ. ಈ ಸಲ ತಲೆ ತಗ್ಗಿಸಲಿಲ್ಲ. ಎಲ್ಲೂ ಕಹಿಯಿರಲಿಲ್ಲ. ಇದ್ದಿದ್ದರೆ ನುಂಗುವುದು ಸ್ವಲ್ಪ ಸುಲಭವಾಗುತ್ತಿತ್ತು.